ಹಿಂದಿನ ಆಕ್ಸಲ್ ಬದಲಿಸುವ ಮುನ್ನ

ಕ್ಲಚ್ ಬಿಟ್ಟ ಕೂಡಲೇ ಸೀಟಿನ ಹಿಂದಿನಿಂದ ‘ಟಣ್’ ಎಂದು ಒಂದು ಸದ್ದು. ಆಕ್ಸಲರೇಟರ್‌ನಿಂದ ಕಾಲೆತ್ತಿದರೆ ಇನ್ನೊಂದು. ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರನ್ನು ವರ್ಷಗಟ್ಟಲೆ ಓಡಿಸಿದವರಲ್ಲಿ ಈ ಸದ್ದು ಕೇಳದವರು ಕಡಿಮೆ. ಶುರುವಿನಲ್ಲಿ ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಬರಬರುತ್ತ ಸದ್ದಿನ ಜೊತೆಗೆ ಒಂದು ಗುಂಯ್‌ಗುಡುವಿಕೆ ಸೇರಿಕೊಳ್ಳುತ್ತದೆ, ಗ್ಯಾರೇಜಿನ ನೆಲದ ಮೇಲೆ ಎಣ್ಣೆಯ ಹನಿಗಳು ಕಾಣಿಸುತ್ತವೆ, ಹಿಂದಿನ ಒಂದು ಬ್ರೇಕು ಹಿಡಿಯದೆ ಕಾರು ಪಕ್ಕಕ್ಕೆ ಎಳೆಯುತ್ತದೆ. ಆಗ ಯಾರಾದರೂ ಒಬ್ಬರು ತೀರ್ಪು ಕೊಡುತ್ತಾರೆ: ಆಕ್ಸಲ್ ಹೋಗಿದೆ, ಪೂರ್ತಿ ಬದಲಿಸಿಬಿಡಿ.

ಎಂಜಿಬಿಯ ಹಿಂದಿನ ಆಕ್ಸಲ್ ಕಳಚಿ ಇನ್ನೊಂದನ್ನು ಕೂರಿಸುವುದು ತೀರಾ ಕಠಿಣ ಕೆಲಸವಲ್ಲ. ಒಳ್ಳೆಯ ಜಾಕಿ, ಗಟ್ಟಿ ಸ್ಟ್ಯಾಂಡ್‌ಗಳು, ಜೊತೆಗೊಬ್ಬ ಬಲಗೈಬಂಟ ಇದ್ದರೆ ಮನೆಯ ಗ್ಯಾರೇಜಿನಲ್ಲೇ ಮಾಡಬಹುದು. ಆದರೆ ಆ ಎರಡನೇ ಆಕ್ಸಲ್ ಯಾವುದು, ಎಷ್ಟು ಅಗಲದ್ದು, ಅದರೊಳಗೆ ಎಷ್ಟು ಹಲ್ಲುಗಳಿವೆ, ಅದು ಎಂಥ ಚಕ್ರ ಬೇಡುತ್ತದೆ ಎಂಬುದು ತಿಳಿಯದೆ ಕೈ ಹಾಕಿದರೆ ಹೋದದ್ದಕ್ಕಿಂತ ದೊಡ್ಡ ತೊಂದರೆ ಮನೆಗೆ ಬರುತ್ತದೆ. ಈ ಕೆಲಸದಲ್ಲಿ ಪಾನಾಕ್ಕಿಂತ ಮೊದಲು ಕೈಗೆ ಬರಬೇಕಾದದ್ದು ಅಳತೆಪಟ್ಟಿ ಮತ್ತು ಸೀಮೆಸುಣ್ಣ.

ಅಬಿಂಗ್ಡನ್ನಿನ ಮಗು, ಅಂಬಾಸಿಡರ್‌ನ ನೆಂಟ

ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಕ್ಕದಲ್ಲಿರುವ ಅಬಿಂಗ್ಡನ್ ಪಟ್ಟಣಕ್ಕೆ ಎಂಜಿ ಕಂಪನಿ ಬಂದದ್ದು 1929ರಲ್ಲಿ. ‘ಎಂಜಿ’ ಎಂದರೆ ಮಾರಿಸ್ ಗ್ಯಾರೇಜಸ್. ವಿಲಿಯಂ ಮಾರಿಸ್ ಅವರ ಆಕ್ಸ್‌ಫರ್ಡ್ ಗ್ಯಾರೇಜನ್ನು ನೋಡಿಕೊಳ್ಳುತ್ತಿದ್ದ ಸೆಸಿಲ್ ಕಿಂಬರ್, ಸಾಧಾರಣ ಮಾರಿಸ್ ಕಾರುಗಳಿಗೆ ಚುರುಕು ಮೈಕಟ್ಟು ಕೊಟ್ಟು ಮಾರತೊಡಗಿದ್ದೇ ಈ ಹೆಸರಿನ ಮೂಲ. ಇಂದು ನಮ್ಮ ರಸ್ತೆಗಳಲ್ಲಿ ಓಡುವ ಎಂಜಿ ಕಾರುಗಳ ಎಂಟು ಮೂಲೆಯ ಲಾಂಛನ ಅಲ್ಲಿಂದ ಬಂದದ್ದು. ಅಬಿಂಗ್ಡನ್ ಕಾರ್ಖಾನೆಯ ಅತಿ ಹೆಚ್ಚು ಮಾರಾಟವಾದ ಕಾರೇ ಎಂಜಿಬಿ. 1962ರಲ್ಲಿ ಹೊರಬಂದು, 1980ರ ಅಕ್ಟೋಬರಿನಲ್ಲಿ ಕಾರ್ಖಾನೆಗೆ ಬೀಗ ಬೀಳುವವರೆಗೆ ತಯಾರಾಯಿತು. ಒಟ್ಟು ಸಂಖ್ಯೆ 5 ಲಕ್ಷ ದಾಟಿತು. ಅವುಗಳಲ್ಲಿ ಹೆಚ್ಚಿನವು ಅಮೆರಿಕಕ್ಕೆ ಹೋದವು.

ಮುಖ್ಯ ಎಂಜಿನಿಯರ್ ಸಿಡ್ ಎನೆವರ್ ಮತ್ತು ಮೈಕಟ್ಟಿನ ನಕ್ಷೆ ಬರೆದ ಡಾನ್ ಹೇಟರ್ ಈ ಕಾರಿನಲ್ಲಿ ಒಂದು ಹೊಸ ಹೆಜ್ಜೆ ಇಟ್ಟಿದ್ದರು. ಹಿಂದಿನ ಎಂಜಿಎ ಕಾರಿಗೆ ಪ್ರತ್ಯೇಕ ಚಾಸಿ ಇತ್ತು. ಎಂಜಿಬಿಯಲ್ಲಿ ಚಾಸಿ ಮತ್ತು ಬಾಡಿ ಒಂದೇ ಆದವು. ಹಿಂಬದಿಗೂ ಕಾಯಿಲ್ ಸ್ಪ್ರಿಂಗ್ ಹಾಕಿ ಪ್ರಯತ್ನ ನಡೆಯಿತು. ಕೊನೆಗೆ ಹಳೆಯ ಜೋಡಣೆಗೇ ಮರಳಿದರು: ಎರಡು ಬದಿಗೂ ಒಂದೊಂದು ಲೀಫ್ ಸ್ಪ್ರಿಂಗ್, ಅವುಗಳ ಮೇಲೆ ಅಡ್ಡಲಾಗಿ ಒಂದು ಗಟ್ಟಿ ಆಕ್ಸಲ್.

ಈ ಜೋಡಣೆ ನಮಗೆ ಹೊಸದಲ್ಲ. ಅಂಬಾಸಿಡರ್ ಕಾರಿನ ಕೆಳಗೆ ಒಮ್ಮೆ ಬಗ್ಗಿ ನೋಡಿದ ಯಾರಿಗೂ ಅದು ಗೊತ್ತು. ಅಂಬಾಸಿಡರ್‌ನ ಮೂಲ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿ. ಅದರ 1489 ಸಿಸಿ ಪೆಟ್ರೋಲ್ ಎಂಜಿನ್ ಮತ್ತು ಎಂಜಿಬಿಯ 1798 ಸಿಸಿ ಎಂಜಿನ್ ಎರಡೂ ಬಿಎಂಸಿ ಕಂಪನಿಯ ಒಂದೇ ‘ಬಿ ಸರಣಿ’ಯವು. ಅಂಬಾಸಿಡರ್ ಬಿಚ್ಚಿ ಪಳಗಿದ ನಮ್ಮೂರಿನ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಎಂಜಿಬಿಯ ಹಿಂಭಾಗದ ಕೆಳಗೆ ಮಲಗಿಸಿದರೆ, ಅವರಿಗೆ ಅಲ್ಲಿ ಗುರುತು ಸಿಗದ ಭಾಗ ಬಹಳ ಇರಲಾರದು.

ಆಕ್ಸಲ್ ಮಾಡುವ ಮೂರು ಕೆಲಸ

ಎತ್ತಿನ ಗಾಡಿಯ ಅಚ್ಚು ತಿರುಗುವುದಿಲ್ಲ. ಚಕ್ರಗಳು ಅದರ ತುದಿಯಲ್ಲಿ ತಮ್ಮ ಪಾಡಿಗೆ ತಾವು ತಿರುಗುತ್ತವೆ. ಹಾಗಾಗಿ ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು, ಒಳಗಿನದು ಕಡಿಮೆ ತಿರುಗಿದರೆ ಗಾಡಿಗೆ ತೊಂದರೆಯಿಲ್ಲ. ಕಾರಿನಲ್ಲಿ ಎಂಜಿನ್ನೇ ಚಕ್ರಗಳನ್ನು ತಿರುಗಿಸಬೇಕು. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ತಿರುವಿನಲ್ಲಿ ಒಂದು ಟೈರು ಉಜ್ಜಿಕೊಂಡೇ ಹೋಗಬೇಕು. ಎಂಜಿಬಿಯ ಹಿಂದಿನ ಎರಡು ಚಕ್ರಗಳ ನಡುವಿನ ಅಂತರ ಸುಮಾರು 1.25 ಮೀಟರ್. ಕಾರು ಒಂದು ಪೂರ್ಣ ಸುತ್ತು ಹೊಡೆದರೆ, ವೃತ್ತ ಸಣ್ಣದಿರಲಿ ದೊಡ್ಡದಿರಲಿ, ಹೊರಚಕ್ರ ಒಳಚಕ್ರಕ್ಕಿಂತ ಸುಮಾರು 7.85 ಮೀಟರ್ ಹೆಚ್ಚು ದೂರ ಕ್ರಮಿಸುತ್ತದೆ. ಆ ವ್ಯತ್ಯಾಸವನ್ನು ಸರಿದೂಗಿಸುವುದೇ ಆಕ್ಸಲ್ಲಿನ ನಡುವೆ ಕುಳಿತ ಡಿಫರೆನ್ಷಿಯಲ್. ಎರಡು ಆಕ್ಸಲ್ ಶಾಫ್ಟ್‌ಗಳ ತುದಿಯಲ್ಲಿ ಒಂದೊಂದು ಹಲ್ಲುಚಕ್ರ, ಅವೆರಡರ ನಡುವೆ ಎರಡು ಪುಟ್ಟ ಹಲ್ಲುಚಕ್ರಗಳು. ನೇರ ಓಟದಲ್ಲಿ ಪುಟ್ಟವು ಸುಮ್ಮನಿರುತ್ತವೆ, ತಿರುವು ಬಂದಾಗ ತಾವೇ ತಿರುಗಿ ಒಂದು ಕಡೆಯಿಂದ ಕಳೆದದ್ದನ್ನು ಇನ್ನೊಂದು ಕಡೆಗೆ ಕೊಡುತ್ತವೆ.

ಎರಡನೇ ಕೆಲಸ, ವೇಗ ಇಳಿಸಿ ಬಲ ಹೆಚ್ಚಿಸುವುದು. ಗೇರ್‌ಬಾಕ್ಸ್‌ನಿಂದ ಬರುವ ಪ್ರೊಪೆಲ್ಲರ್ ಶಾಫ್ಟ್‌ನ ತುದಿಗೆ ಪಿನಿಯನ್ ಇರುತ್ತದೆ. ಅದು ದೊಡ್ಡ ಕ್ರೌನ್ ವೀಲ್ ಅನ್ನು ತಿರುಗಿಸುತ್ತದೆ. ಸಾಮಾನ್ಯ ಎಂಜಿಬಿಯಲ್ಲಿ ಪಿನಿಯನ್‌ಗೆ 11 ಹಲ್ಲು, ಕ್ರೌನ್‌ಗೆ 43. ಪ್ರೊಪೆಲ್ಲರ್ ಶಾಫ್ಟ್ 3.909 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಸರಿಯಾಗಿ ನಾಲ್ಕು ಎಂದು ಇಡದೆ ಈ ಬಿಡಿ ಸಂಖ್ಯೆಯನ್ನು ಏಕೆ ಇಟ್ಟರು? 11 ಮತ್ತು 43 ಎರಡನ್ನೂ ಭಾಗಿಸುವ ಸಂಖ್ಯೆ ಒಂದನ್ನು ಬಿಟ್ಟರೆ ಬೇರೊಂದಿಲ್ಲ. ಹಾಗಾಗಿ ಪಿನಿಯನ್‌ನ ಪ್ರತಿ ಹಲ್ಲೂ ಸರದಿಯಂತೆ ಕ್ರೌನ್‌ನ ಪ್ರತಿ ಹಲ್ಲನ್ನೂ ಮುಟ್ಟುತ್ತದೆ. 473 ಬಗೆಯ ಜೋಡಿಗಳೆಲ್ಲ ಮುಗಿದ ಮೇಲೆಯೇ ಮೊದಲ ಜೋಡಿ ಮತ್ತೆ ಸೇರುವುದು. ಸವೆತ ಎಲ್ಲ ಹಲ್ಲುಗಳಿಗೂ ಸಮನಾಗಿ ಹಂಚಿಹೋಗುತ್ತದೆ. ಇದೇ ಕಾರಣಕ್ಕೆ, ಹತ್ತಾರು ವರ್ಷ ಒಟ್ಟಿಗೆ ತಿರುಗಿದ ಕ್ರೌನ್ ಮತ್ತು ಪಿನಿಯನ್‌ಗಳನ್ನು ಯಾವತ್ತೂ ಬೇರ್ಪಡಿಸಬಾರದು. ಒಂದನ್ನು ಇಲ್ಲಿಂದ, ಇನ್ನೊಂದನ್ನು ಅಲ್ಲಿಂದ ತಂದು ಜೋಡಿಸಿದರೆ ಆ ಆಕ್ಸಲ್ ಜೀವಮಾನವಿಡೀ ಕಿರುಚುತ್ತದೆ.

ಮೂರನೇ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಎಂಜಿಬಿಯ ಆಕ್ಸಲ್ಲನ್ನು ಹಿಂದೆಮುಂದೆ, ಅಕ್ಕಪಕ್ಕ ಸರಿಯದಂತೆ ಹಿಡಿದಿಡಲು ಲೀಫ್ ಸ್ಪ್ರಿಂಗ್‌ಗಳ ಹೊರತು ಬೇರೆ ತೋಳುಗಳಿಲ್ಲ. ಕಾರನ್ನು ಮುಂದಕ್ಕೆ ನೂಕುವ ಬಲವೆಲ್ಲ ಆ ಪ್ಲೇಟುಗಳ ಮೂಲಕವೇ ಬಾಡಿಗೆ ತಲುಪಬೇಕು. ಆದ್ದರಿಂದ ಸ್ಪ್ರಿಂಗ್ ಮತ್ತು ಆಕ್ಸಲ್ ಅನ್ನು ಬಿಗಿದಿಡುವ ಯು-ಬೋಲ್ಟ್‌ಗಳು, ನಡುವಿನ ರಬ್ಬರ್ ಮೆತ್ತೆಗಳು, ಸ್ಪ್ರಿಂಗ್ ಕಣ್ಣಿನ ಬುಷ್‌ಗಳು ಇವೆಲ್ಲ ಸೇರಿಯೇ ಆಕ್ಸಲ್. ಬರೀ ಕಬ್ಬಿಣದ ಕೊಳವೆಯನ್ನು ಬದಲಿಸಿ ಇವನ್ನು ಹಳೆಯವೇ ಉಳಿಸಿದರೆ ಅರ್ಧ ಕೆಲಸ ಮಾಡಿದಂತೆ.

ಒಂದೇ ಕಾರು, ಎರಡು ಆಕ್ಸಲ್

1962ರ ಎಂಜಿಬಿಯಲ್ಲಿ ಇದ್ದದ್ದು ಬ್ಯಾಂಜೊ ಮಾದರಿಯ ಆಕ್ಸಲ್. ನಡುವೆ ದುಂಡಗಿನ ಹೊಟ್ಟೆ, ಎರಡು ಕಡೆ ಕೊಳವೆ. ಇದರಲ್ಲಿ ಡಿಫರೆನ್ಷಿಯಲ್ ಇಡೀ ಗಡ್ಡೆಯಾಗಿ ಮುಂಭಾಗದಿಂದ ಹೊರಬರುತ್ತದೆ. ಆಕ್ಸಲ್ ಶಾಫ್ಟ್‌ಗಳನ್ನು ಎಳೆದು, ಸುತ್ತಲಿನ ನಟ್‌ಗಳನ್ನು ಬಿಚ್ಚಿ, ಗಡ್ಡೆಯನ್ನು ಬೆಂಚಿನ ಮೇಲಿಟ್ಟು ರಿಪೇರಿ ಮಾಡಬಹುದು. ರಿಪೇರಿ ಮಾಡುವವನಿಗೆ ಅನುಕೂಲವಾದ ವಿನ್ಯಾಸ.

1965ರಲ್ಲಿ ಮುಚ್ಚಿದ ಮಾಡಿನ ಎಂಜಿಬಿ ಜಿಟಿ ಬಂತು. ತೆರೆದ ಕಾರಿನಲ್ಲಿ ಗಾಳಿಗೆ ಹಾರಿಹೋಗುತ್ತಿದ್ದ ಆಕ್ಸಲ್ ಸದ್ದು ಮುಚ್ಚಿದ ಕ್ಯಾಬಿನ್ನಿನೊಳಗೆ ಗುಂಯ್‌ಗುಡುತ್ತಿತ್ತು. ಅದಕ್ಕೆಂದು ಜಿಟಿಗೆ ಹೆಚ್ಚು ಗಟ್ಟಿಯಾದ, ಹೆಚ್ಚು ನಿಶ್ಶಬ್ದವಾದ ಸಾಲಿಸ್‌ಬರಿ ಮಾದರಿಯ ಕೊಳವೆ ಆಕ್ಸಲ್ ಹಾಕಿದರು. 1967ರಲ್ಲಿ ತೆರೆದ ಕಾರುಗಳಿಗೂ ಅದೇ ಬಂತು. ಇದರಲ್ಲಿ ಡಿಫರೆನ್ಷಿಯಲ್ ಹೊರತೆಗೆಯುವುದು ಹಿಂಭಾಗದ ಮುಚ್ಚಳ ತೆಗೆದು. ಹಾಗೆ ತೆಗೆಯಲು ಎರಕದ ಪೆಟ್ಟಿಗೆಯನ್ನು ಕೂದಲೆಳೆಯಷ್ಟು ಅಗಲಿಸುವ ವಿಶೇಷ ಸಾಧನ ಬೇಕೆಂದು ಕಾರ್ಖಾನೆಯ ಕೈಪಿಡಿಯೇ ಹೇಳುತ್ತದೆ. ಆಳದ ರಿಪೇರಿ ಮನೆಯಲ್ಲಿ ಕಷ್ಟ, ಹಾಗಾಗಿ ಇಡೀ ಆಕ್ಸಲ್ಲನ್ನೇ ಬದಲಿಸುವ ಪದ್ಧತಿ ಈ ಮಾದರಿಯಲ್ಲಿ ಬೆಳೆಯಿತು. ಎಣ್ಣೆಯ ಪ್ರಮಾಣವೂ ಬೇರೆ. ಬ್ಯಾಂಜೊಗೆ ಸುಮಾರು ಒಂದೂಕಾಲು ಲೀಟರ್, ಕೊಳವೆ ಆಕ್ಸಲ್‌ಗೆ ಒಂದು ಲೀಟರಿಗೂ ಕಡಿಮೆ.

ಮೊದಲು ಕಿವಿ, ಆಮೇಲೆ ಕೈ

‘ಟಣ್’ ಎಂದ ಮಾತ್ರಕ್ಕೆ ಆಕ್ಸಲ್ ಸತ್ತಿದೆ ಎಂದಲ್ಲ. ಅದೇ ಸದ್ದು ಐದಾರು ಕಡೆಯಿಂದ ಬರಬಹುದು. ಪ್ರೊಪೆಲ್ಲರ್ ಶಾಫ್ಟ್‌ನ ಯು-ಜಾಯಿಂಟ್ ಸವೆದಿರಬಹುದು, ಯು-ಬೋಲ್ಟ್ ಸಡಿಲವಾಗಿರಬಹುದು, ಸ್ಪೋಕ್ ಚಕ್ರದ ಹಬ್ಬಿನೊಳಗಿನ ಹಲ್ಲುಗಳು ಸವೆದಿರಬಹುದು. ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಬೇಕು.

ನೋಡುವ ಕ್ರಮ ಹೀಗೆ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಕಟ್ಟೆ ಕೊಟ್ಟು, ಹಿಂದಿನ ಒಂದು ಚಕ್ರವನ್ನು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಬೇಕು. ಹ್ಯಾಂಡ್‌ಬ್ರೇಕ್ ಬಿಟ್ಟು ಕಾರನ್ನು ಗೇರಿನಲ್ಲಿ ಇಡಬೇಕು. ಎತ್ತಿದ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆಮುಂದೆ ಅಲುಗಾಡಿಸಿದರೆ ಸ್ವಲ್ಪ ಆಟ ಇದ್ದೇ ಇರುತ್ತದೆ. ಒಬ್ಬರು ಅಲುಗಾಡಿಸುತ್ತಿರುವಾಗ ಇನ್ನೊಬ್ಬರು ಟಾರ್ಚ್ ಹಿಡಿದು ಕೆಳಗೆ ನೋಡಬೇಕು. ಚಕ್ರ ತಿರುಗಿಯೂ ಹಬ್ಬು ತಿರುಗದಿದ್ದರೆ ದೋಷ ಚಕ್ರದ ಹಲ್ಲಿನಲ್ಲಿ. ಪಿನಿಯನ್‌ನ ಫ್ಲೇಂಜ್ ತಿರುಗಿ, ಯು-ಜಾಯಿಂಟ್‌ನ ಆಚೆಗಿನ ಶಾಫ್ಟ್ ತಡವಾಗಿ ತಿರುಗಿದರೆ ದೋಷ ಜಾಯಿಂಟ್‌ನದು. ಹಬ್ಬು ಸಾಕಷ್ಟು ತಿರುಗಿಯೂ ಫ್ಲೇಂಜ್ ಅಲ್ಲಾಡದಿದ್ದರೆ ಮಾತ್ರ ಬೆರಳು ಆಕ್ಸಲ್ಲಿನ ಒಳಗೆ ತೋರಿಸುತ್ತದೆ.

ಅಲ್ಲೂ ಆತುರ ಬೇಡ. ಕೊಳವೆ ಆಕ್ಸಲ್ಲಿನ ‘ಟಣ್’ ಸದ್ದಿಗೆ ಅತಿ ಸಾಮಾನ್ಯ ಕಾರಣ, ಡಿಫರೆನ್ಷಿಯಲ್‌ನ ಹಲ್ಲುಚಕ್ರಗಳ ಬೆನ್ನಿಗಿರುವ ತೆಳ್ಳನೆಯ ವಾಷರ್‌ಗಳು ಸವೆದಿರುವುದು. ಹಿಂದಿನ ಮುಚ್ಚಳ ತೆಗೆದು, ಆಕ್ಸಲ್ ಶಾಫ್ಟ್‌ಗಳನ್ನು ಹೊರಗೆಳೆದು, ಹಲ್ಲುಚಕ್ರಗಳ ಅಡ್ಡಪಿನ್ ಹೊಡೆದು ತೆಗೆದರೆ ಆ ವಾಷರ್‌ಗಳನ್ನು ಬದಲಿಸಬಹುದು. ಕ್ರೌನ್ ವೀಲನ್ನು ಮುಟ್ಟಬೇಕಿಲ್ಲ, ಆಕ್ಸಲ್ಲನ್ನು ಕಾರಿನಿಂದ ಇಳಿಸಬೇಕಿಲ್ಲ. ನಾಲ್ಕು ಚೂರು ವಾಷರ್‌ಗಳಿಗಾಗಿ ಗಟ್ಟಿಮುಟ್ಟಾದ ಆಕ್ಸಲ್ ಗುಜರಿ ಸೇರುವುದನ್ನು ಹಳೆಯ ಕಾರುಗಳ ಲೋಕ ಎಷ್ಟೋ ನೋಡಿದೆ. ಅದು ಬೇಸರದ ಸಂಗತಿ, ತಪ್ಪಿಸಬಹುದಾದ ಸಂಗತಿ.

ಎಣ್ಣೆ ಸೋರಿಕೆಯ ಕಥೆಯೂ ಹೀಗೇ. ಆಕ್ಸಲ್ಲಿನ ಮೈಮೇಲೆ ಗಾಳಿಯಾಡಲು ಒಂದು ಸಣ್ಣ ಬ್ರೀದರ್ ಇರುತ್ತದೆ. ಅದು ಮಣ್ಣು ತುಂಬಿ ಮುಚ್ಚಿಹೋದರೆ, ಓಡಿ ಬಿಸಿಯಾದ ಆಕ್ಸಲ್ಲಿನೊಳಗೆ ಒತ್ತಡ ಏರಿ, ಎಣ್ಣೆ ಸೀಲ್‌ಗಳನ್ನು ದಾಟಿ ಬ್ರೇಕ್ ಡ್ರಮ್ಮಿಗೆ ಇಳಿಯುತ್ತದೆ. ಬ್ರೇಕ್ ಹಿಡಿಯದಿರಲು ಅಷ್ಟು ಸಾಕು. ಬ್ರೀದರ್ ಶುಚಿ ಮಾಡಿ, ಸೀಲ್ ಬದಲಿಸಿ, ಎಣ್ಣೆ ಕುಡಿದ ಬ್ರೇಕ್ ಲೈನಿಂಗ್‌ಗಳನ್ನು ಎಸೆದು ಹೊಸದು ಹಾಕಿದರೆ ಕೆಲಸ ಮುಗಿಯಿತು.

ಹಾಗಾದರೆ ಬದಲಿಸಲೇಬೇಕಾದದ್ದು ಯಾವಾಗ? ಮುಚ್ಚಳ ತೆಗೆದಾಗ ಎಣ್ಣೆಯಲ್ಲಿ ಉಕ್ಕಿನ ಚೂರುಗಳು ಸಿಕ್ಕಿ, ಕ್ರೌನ್‌ನ ಹಲ್ಲುಗಳ ಮೇಲೆ ಗುಳಿ ಬಿದ್ದಿರುವುದು ಕಂಡರೆ. ಕೊಳವೆ ಬಾಗಿದ್ದರೆ. ಬೇರಿಂಗ್ ತಿರುಗಿ ತಿರುಗಿ ಅದು ಕೂರುವ ಜಾಗವೇ ಸವೆದಿದ್ದರೆ. ಸ್ಪ್ರಿಂಗ್ ಕೂರುವ ಬ್ರಾಕೆಟ್ಟಿನ ಬುಡ ತುಕ್ಕು ತಿಂದಿದ್ದರೆ. ಆಗ ಹಿಂಜರಿಯಬಾರದು.

ಹೊಂದುವ ಆಕ್ಸಲ್ಲನ್ನು ಗುರುತಿಸುವುದು

ಬಳಸಿದ ಆಕ್ಸಲ್ಲುಗಳು ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಈಗಲೂ ಸಿಗುತ್ತವೆ. 5 ಲಕ್ಷ ಕಾರು ತಯಾರಾದುದರ ಲಾಭ ಅದು. ಆದರೆ ನೆಲದ ಮೇಲೆ ಬಿದ್ದ ಎರಡು ಎಂಜಿಬಿ ಆಕ್ಸಲ್ಲುಗಳು ಅಣ್ಣತಮ್ಮಂದಿರಂತೆ ಕಂಡರೂ ಒಂದರ ಜಾಗಕ್ಕೆ ಇನ್ನೊಂದು ಕೂರುತ್ತದೆ ಎಂಬ ಖಾತ್ರಿಯಿಲ್ಲ.

ಮೊದಲ ಭೇದ ಅಗಲ. ಎಂಜಿಬಿ ಎರಡು ಬಗೆಯ ಚಕ್ರಗಳೊಂದಿಗೆ ಮಾರಾಟವಾಯಿತು. ನಾಲ್ಕು ನಟ್‌ಗಳ ತಗಡಿನ ಚಕ್ರ ಒಂದು, ನಡುವೆ ಒಂದೇ ದೊಡ್ಡ ನಟ್ ಇರುವ ಸ್ಪೋಕ್ ಚಕ್ರ ಇನ್ನೊಂದು. ಸ್ಪೋಕ್ ಚಕ್ರದ ಹಬ್ಬು ಉದ್ದವಾಗಿ ಹೊರಚಾಚುತ್ತದೆ. ಅದಕ್ಕೆ ಜಾಗ ಮಾಡಿಕೊಡಲು ಆ ಕಾರುಗಳ ಕೊಳವೆ ಆಕ್ಸಲ್ಲನ್ನು ಒಂದೂವರೆ ಇಂಚಿಗೂ ಹೆಚ್ಚು ಕಿರಿದಾಗಿಸಿದ್ದರು. ತಗಡಿನ ಚಕ್ರದ ಅಗಲವಾದ ಆಕ್ಸಲ್ಲಿಗೆ ಸ್ಪೋಕ್ ಚಕ್ರದ ಹಬ್ಬು ಸೇರಿಸಿದರೆ ಟೈರುಗಳು ಹೊರಚಾಚಿ ಚಕ್ರದ ಕಮಾನಿಗೆ ಉಜ್ಜುತ್ತವೆ. ಕಿರಿದಾದ ಆಕ್ಸಲ್ಲಿಗೆ ತಗಡಿನ ಚಕ್ರ ಹಾಕಿದರೆ ಟೈರು ಒಳಗೆ ಸರಿಯುತ್ತದೆ. ಆದ್ದರಿಂದ ಕೊಳ್ಳುವ ಮುನ್ನ ಒಂದು ಬ್ರೇಕ್ ಡ್ರಮ್ಮಿನ ಹಿಂಬದಿಯ ತಟ್ಟೆಯಿಂದ ಇನ್ನೊಂದರವರೆಗೆ ಅಳೆದು, ತನ್ನ ಕಾರಿನ ಅಳತೆಗೆ ಹೋಲಿಸಲೇಬೇಕು.

ಎರಡನೆಯದು ಪ್ರಾಣಕ್ಕೆ ಸಂಬಂಧಿಸಿದ್ದು. ಸ್ಪೋಕ್ ಚಕ್ರದ ನಡುವಿನ ದೊಡ್ಡ ನಟ್‌ನ ಮರೆ (ಥ್ರೆಡ್) ಎರಡೂ ಬದಿಗೆ ಒಂದೇ ದಿಕ್ಕಿನದಲ್ಲ. ಕಾರಿನ ಎಡಬದಿಯ ಹಬ್ಬಿಗೆ ನಾವು ದಿನಬಳಕೆಯಲ್ಲಿ ಕಾಣುವ ಬಲಮರೆ, ಬಲಬದಿಗೆ ಎಡಮರೆ. ಕಾರು ಮುಂದೆ ಹೋಗುವಾಗ ನಟ್ ತಾನಾಗಿ ಬಿಗಿಯುತ್ತಲೇ ಇರಲಿ ಎಂಬುದೇ ಉದ್ದೇಶ. ಹಿಂದೆ ಯಾರೋ ಬಿಚ್ಚಿ ಜೋಡಿಸುವಾಗ ಹಬ್ಬುಗಳನ್ನು ಅದಲುಬದಲು ಮಾಡಿದ್ದರೆ, ಪ್ರತಿ ಮೈಲಿಗೂ ನಟ್ ಸಡಿಲಗೊಂಡು ಕೊನೆಗೆ ಓಡುವ ಕಾರಿನಿಂದ ಚಕ್ರವೇ ಕಳಚಬಹುದು. ಬಳಸಿದ ಆಕ್ಸಲ್ ಮನೆಗೆ ಬಂದ ದಿನವೇ ಎರಡೂ ಹಬ್ಬುಗಳ ಮರೆ ಯಾವ ಕಡೆಯದೆಂದು ಕೈಯಾರೆ ನಟ್ ಹಾಕಿ ನೋಡಬೇಕು. ಹಬ್ಬಿನ ಹಲ್ಲುಗಳ ತುದಿ ಚೂಪಾಗಿ ಒಂದು ಕಡೆಗೆ ವಾಲಿದ್ದರೆ ಅವು ಸವೆದಿವೆ ಎಂದರ್ಥ. ಅಂಥ ಹಬ್ಬಿಗೆ ಹೊಸ ಚಕ್ರ ಹಾಕಿದರೆ ಹೊಸ ಚಕ್ರವೂ ಬೇಗ ಹಾಳಾಗುತ್ತದೆ.

ಮೂರನೆಯದು ಹಲ್ಲಿನ ಅನುಪಾತ. ಮುಚ್ಚಳ ತೆಗೆಯದೆಯೇ ಅದನ್ನು ಎಣಿಸುವ ಸರಳ ಉಪಾಯವಿದೆ. ಒಂದು ಕಡೆಯ ಹಬ್ಬನ್ನು ಅಲುಗದಂತೆ ಹಿಡಿದು, ಇನ್ನೊಂದು ಹಬ್ಬಿಗೂ ಪಿನಿಯನ್ ಫ್ಲೇಂಜಿಗೂ ಸೀಮೆಸುಣ್ಣದ ಗುರುತು ಹಾಕಿ. ಆ ಹಬ್ಬನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಫ್ಲೇಂಜ್ ಎಷ್ಟು ಸುತ್ತು ತಿರುಗಿತು ಎಂದು ಎಣಿಸಿ. ಒಂದು ಹಬ್ಬು ನಿಂತಿರುವಾಗ ಡಿಫರೆನ್ಷಿಯಲ್ ಆ ಎರಡು ಸುತ್ತನ್ನು ಕ್ರೌನ್‌ನ ಒಂದು ಸುತ್ತಾಗಿ ಇಳಿಸುತ್ತದೆ. ಹಾಗಾಗಿ ಸಿಗುವ ಲೆಕ್ಕವೇ ಅನುಪಾತ. ನಾಲ್ಕಕ್ಕೆ ತುಸು ಕಡಿಮೆ ಬಂದರೆ 3.909. ಮೂರಕ್ಕೆ ತುಸು ಹೆಚ್ಚು ಬಂದರೆ ಅದು 43ಕ್ಕೆ 14 ಹಲ್ಲಿನ 3.07. 1973ರಿಂದ 1976ರವರೆಗೆ ತಯಾರಾದ, ರೋವರ್ ಎಂಜಿನ್ನಿನ ಎಂಜಿಬಿ ಜಿಟಿ ವಿ8 ಕಾರಿನ ಅನುಪಾತ ಅದು.

3.07 ಆಸೆ ಹುಟ್ಟಿಸುವ ಸಂಖ್ಯೆ. ಓವರ್‌ಡ್ರೈವ್ ಇಲ್ಲದ ಸಾಮಾನ್ಯ ಎಂಜಿಬಿ ನಾಲ್ಕನೇ ಗೇರಿನಲ್ಲಿ ಗಂಟೆಗೆ 100 ಕಿ.ಮೀ. ಓಡುವಾಗ ಎಂಜಿನ್ ನಿಮಿಷಕ್ಕೆ ಸುಮಾರು 3,470 ಸುತ್ತು ತಿರುಗುತ್ತದೆ. ಅದೇ ಕಾರಿಗೆ 3.07 ಹಾಕಿದರೆ ಸುಮಾರು 2,725 ಸಾಕು. ಹೆದ್ದಾರಿಯಲ್ಲಿ ನೆಮ್ಮದಿ. ಆದರೆ ವಿ8ನ 3528 ಸಿಸಿ ಎಂಜಿನ್ನಿಗೆಂದು ಮಾಡಿದ ಹಲ್ಲನ್ನು 1798 ಸಿಸಿ ಎಂಜಿನ್ನಿನ ಹೆಗಲಿಗೆ ಹಾಕಿದರೆ ಏರಿನಲ್ಲಿ, ನಿಂತಲ್ಲಿಂದ ಹೊರಡುವಾಗ ಕಾರು ಏದುಸಿರು ಬಿಡುತ್ತದೆ, ಕ್ಲಚ್ ಬೇಗ ಸವೆಯುತ್ತದೆ. ಸ್ಪೀಡೋಮೀಟರ್ ಕೂಡ ತಪ್ಪು ಹೇಳತೊಡಗುತ್ತದೆ. ಅದರ ಕೇಬಲ್ ಬರುವುದು ಗೇರ್‌ಬಾಕ್ಸ್‌ನಿಂದ, ಅಂದರೆ ಆಕ್ಸಲ್ಲಿಗಿಂತ ಮುಂಚಿನ ಜಾಗದಿಂದ. ಸ್ಮಿತ್ಸ್ ಕಂಪನಿಯ ಡಯಲ್ ಮೇಲೆ ಮೂಲೆಯಲ್ಲಿ ಅಚ್ಚಾದ ಸಣ್ಣ ಸಂಖ್ಯೆ, ಒಂದು ಮೈಲಿಗೆ ಕೇಬಲ್ ಎಷ್ಟು ಸುತ್ತು ತಿರುಗಬೇಕೆಂಬುದರ ಲೆಕ್ಕ. ಆಕ್ಸಲ್ ಅನುಪಾತ ಬದಲಾದರೆ ಮೀಟರನ್ನೂ ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬೇಕು. ಬ್ಯಾಂಜೊ ತೆಗೆದು ಕೊಳವೆ ಆಕ್ಸಲ್ ಹಾಕುವವರು ಪ್ರೊಪೆಲ್ಲರ್ ಶಾಫ್ಟ್‌ನ ಉದ್ದವನ್ನೂ ಫ್ಲೇಂಜಿನ ತೂತುಗಳ ಅಳತೆಯನ್ನೂ ನೋಡಿಕೊಳ್ಳಬೇಕು.

ಇಳಿಸುವುದು, ಏರಿಸುವುದು

ಕೆಲಸ ಶುರುವಾಗುವುದು ಎರಡು ದಿನ ಮೊದಲು. ಯು-ಬೋಲ್ಟ್‌ಗಳ ನಟ್, ಬ್ರೇಕ್ ಪೈಪಿನ ತಿರುಪು, ಸ್ಪ್ರಿಂಗ್‌ನ ಹಿಂದಿನ ಶ್ಯಾಕಲ್, ಎಲ್ಲಕ್ಕೂ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ನೆನೆಯಲು ಬಿಡಬೇಕು. ಹಬ್ಬಿನ ನಡುವಿನ ನಟ್ ಬಿಚ್ಚುವುದಿದ್ದರೆ ಕಾರು ನೆಲದ ಮೇಲಿರುವಾಗಲೇ ಸಡಿಲಿಸಬೇಕು. ಕೊಳವೆ ಆಕ್ಸಲ್ಲಿನಲ್ಲಿ ಆ ನಟ್‌ನ ಬಿಗಿ ಸುಮಾರು 200 ನ್ಯೂಟನ್ ಮೀಟರ್, ಸ್ಟ್ಯಾಂಡಿನ ಮೇಲಿರುವ ಕಾರನ್ನು ಉರುಳಿಸಬಲ್ಲಷ್ಟು.

ಸ್ಟ್ಯಾಂಡ್ ಕೂರಬೇಕಾದದ್ದು ಬಾಡಿಯ ಗಟ್ಟಿ ಜಾಗದಲ್ಲಿ, ಸ್ಪ್ರಿಂಗ್‌ನ ಮುಂದಿನ ಕಣ್ಣು ಬಂದು ಸೇರುವ ಭಾಗದ ಹತ್ತಿರ. ಆಕ್ಸಲ್ಲಿನ ಕೆಳಗೆ ಇಟ್ಟರೆ ಅದು ಇಳಿಯುವುದಾದರೂ ಎಲ್ಲಿಗೆ? ಸ್ಟ್ಯಾಂಡ್ ಕೂರುವ ಜಾಗದ ತಗಡು ತುಕ್ಕು ಹಿಡಿದು ಮೆತ್ತಗಾಗಿದ್ದರೆ ಆಕ್ಸಲ್ ವಿಚಾರ ಪಕ್ಕಕ್ಕಿಟ್ಟು ಮೊದಲು ಬಾಡಿ ಸರಿಮಾಡಬೇಕು. ಚಾಸಿಯಿಲ್ಲದ ಕಾರಿನಲ್ಲಿ ಸ್ಪ್ರಿಂಗ್ ಹಿಡಿದಿರುವುದು ಆ ತಗಡನ್ನೇ.

ಆಮೇಲಿನ ಕ್ರಮ ನೇರ. ಪ್ರೊಪೆಲ್ಲರ್ ಶಾಫ್ಟ್ ಮತ್ತು ಪಿನಿಯನ್ ಫ್ಲೇಂಜುಗಳ ಮೇಲೆ ಒಂದೇ ಗೆರೆ ಎಳೆದು, ನಾಲ್ಕು ಬೋಲ್ಟ್ ಬಿಚ್ಚಿ ಶಾಫ್ಟನ್ನು ತಂತಿಯಿಂದ ಮೇಲೆ ಕಟ್ಟಬೇಕು. ಅದೇ ಆಕ್ಸಲ್ ಹಿಂತಿರುಗುವುದಾದರೆ ಆ ಗೆರೆ ಕೂಡಿಸಿದರೆ ಸಾಕು, ಶಾಫ್ಟ್ ಮೊದಲಿನಂತೆ ನಡುಕವಿಲ್ಲದೆ ತಿರುಗುತ್ತದೆ. ಬ್ರೇಕಿನ ರಬ್ಬರ್ ಹೋಸ್ ಬಿಚ್ಚಿ ಬಾಯಿ ಮುಚ್ಚಬೇಕು. ಹ್ಯಾಂಡ್‌ಬ್ರೇಕ್ ಕೇಬಲ್ ಕಳಚಬೇಕು. ಶಾಕ್ ಅಬ್ಸಾರ್ಬರ್ ಬಾಡಿಗೆ ಬಿಗಿದ ಹಳೆಯ ಲಿವರ್ ಮಾದರಿಯದು, ಅದರ ಕೊಂಡಿಯನ್ನು ಮಾತ್ರ ಸ್ಪ್ರಿಂಗ್‌ನ ಕೆಳತಟ್ಟೆಯಿಂದ ಬಿಡಿಸಿದರೆ ಸಾಕು. ಆಕ್ಸಲ್ ಅತಿಯಾಗಿ ಕೆಳಗಿಳಿಯದಂತೆ ತಡೆಯುವ ಪಟ್ಟಿಗಳಿರುತ್ತವೆ. ಜಾಕಿಯಿಂದ ಆಕ್ಸಲ್ಲಿನ ಭಾರ ಎತ್ತಿಹಿಡಿದೇ ಅವನ್ನು ತೆಗೆಯಬೇಕು. ಎಕ್ಸಾಸ್ಟ್ ಕೊಳವೆ ಅಡ್ಡ ಬಂದರೆ ಅದನ್ನೂ ಇಳಿಸಿ. ಕೊನೆಗೆ ಯು-ಬೋಲ್ಟ್‌ಗಳು. ಅವು ಹೊರಟ ಮೇಲೆ ಆಕ್ಸಲ್ಲಿನ ಮೂತಿ ಥಟ್ಟನೆ ಕೆಳಕ್ಕೆ ವಾಲುತ್ತದೆ. ಇಬ್ಬರು ಇರಬೇಕೆಂದು ಹೇಳುವುದು ಈ ಒಂದು ಕ್ಷಣಕ್ಕಾಗಿ.

ಬರುವ ಆಕ್ಸಲ್ಲನ್ನು ಕಾರಿನ ಕೆಳಗೆ ತಳ್ಳುವ ಮುನ್ನ ಬೆಂಚಿನ ಮೇಲೆಯೇ ಮುಗಿಸಬೇಕಾದ ಕೆಲಸಗಳಿವೆ. ಹೊಸ ಎಣ್ಣೆ ಸೀಲ್‌ಗಳು, ಬ್ರೇಕ್ ಸಿಲಿಂಡರ್‌ಗಳು, ಉಕ್ಕಿನ ಬ್ರೇಕ್ ಪೈಪುಗಳು, ಶುಚಿಯಾದ ಬ್ರೀದರ್. ಪಿನಿಯನ್ ಸೀಲ್ ಬದಲಿಸುವಾಗ ಎಚ್ಚರ ಬೇಕು. ಅದಕ್ಕಾಗಿ ಬಿಚ್ಚಬೇಕಾದ ಪಿನಿಯನ್ ನಟ್ ಅಲ್ಲಿನ ಬೇರಿಂಗ್‌ಗಳ ಬಿಗಿಯನ್ನೂ ನಿರ್ಧರಿಸುತ್ತದೆ. ಬಿಚ್ಚುವ ಮುನ್ನ ಅದರ ಸ್ಥಾನ ಗುರುತಿಸಿ, ಪಿನಿಯನ್ ತಿರುಗಿಸಲು ಎಷ್ಟು ಬಲ ಬೇಕೆಂದು ಅಳೆದು, ಮತ್ತೆ ಅಷ್ಟಕ್ಕೇ ತರಬೇಕು. ಹೆಚ್ಚು ಬಿಗಿದರೆ ಬೇರಿಂಗ್ ಸುಟ್ಟುಹೋಗುತ್ತದೆ.

ಏರಿಸುವಾಗ ಸ್ಪ್ರಿಂಗ್‌ನ ನಡುವಿನ ಬೋಲ್ಟಿನ ತಲೆ ಆಕ್ಸಲ್ ಬ್ರಾಕೆಟ್ಟಿನ ತೂತಿನಲ್ಲಿ ಸರಿಯಾಗಿ ಕೂತಿದೆಯೇ ಎಂದು ಬೆರಳಿಟ್ಟು ನೋಡಬೇಕು. ಕೂರದೆ ಯು-ಬೋಲ್ಟ್ ಬಿಗಿದರೆ ಆಕ್ಸಲ್ ಓರೆಯಾಗಿ, ಕಾರು ರಸ್ತೆಯ ಮೇಲೆ ಏಡಿಯ ನಡೆ ನಡೆಯುತ್ತದೆ. ಯು-ಬೋಲ್ಟ್‌ಗಳು, ನಟ್‌ಗಳು, ರಬ್ಬರ್ ಮೆತ್ತೆಗಳು ಹೊಸವೇ ಇರಲಿ. ಸ್ಪ್ರಿಂಗ್ ಕಣ್ಣಿನ ಬೋಲ್ಟ್‌ಗಳನ್ನು ಮಾತ್ರ ಕಾರು ಚಕ್ರದ ಮೇಲೆ ನಿಂತು ತನ್ನ ಭಾರ ತಾನೇ ಹೊತ್ತ ಮೇಲೆ ಪೂರ್ತಿ ಬಿಗಿಯಬೇಕು. ಚಕ್ರ ತೂಗಾಡುವಾಗ ಬಿಗಿದರೆ ಬುಷ್‌ಗಳ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಕೊನೆಗೆ ಎಣ್ಣೆ. ಪಿನಿಯನ್ ಕ್ರೌನ್‌ನ ನಡುಗೆರೆಗಿಂತ ಕೆಳಗೆ ಕೂತಿರುವ ಈ ಹೈಪಾಯ್ಡ್ ವಿನ್ಯಾಸದಲ್ಲಿ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ. ಸಾಮಾನ್ಯ ಎಂಜಿನ್ ಎಣ್ಣೆ ಆ ಒತ್ತಡ ತಾಳದು. ಇಪಿ 90 ಗೇರ್ ಎಣ್ಣೆಯನ್ನೇ ತುಂಬುವ ತೂತಿನಿಂದ ಹೊರಜಿನುಗುವವರೆಗೆ ಹಾಕಬೇಕು. ಬ್ರೇಕಿನ ಗಾಳಿ ತೆಗೆದು, ಹ್ಯಾಂಡ್‌ಬ್ರೇಕ್ ಹೊಂದಿಸಿ, ನೂರು ಮೈಲಿ ಓಡಿದ ಮೇಲೆ ಯು-ಬೋಲ್ಟ್‌ಗಳನ್ನೂ ಸ್ಪೋಕ್ ಚಕ್ರದ ನಟ್‌ಗಳನ್ನೂ ಮತ್ತೊಮ್ಮೆ ಬಿಗಿ ನೋಡಬೇಕು.

ಬದಲಿಸಿದ ಮೇಲೂ ಅದೇ ಕಾರೇ?

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 2012ರಲ್ಲಿ ಇಟಲಿಯ ಟ್ಯೂರಿನ್ನಿನಲ್ಲಿ ಒಂದು ಸನ್ನದು ಒಪ್ಪಿಕೊಂಡಿತು. ಅದರ ಸಾರ ಸರಳ. ಹಳೆಯ ವಾಹನ ಓಡುತ್ತಿರಬೇಕು, ಉಳಿಸಬಹುದಾದ ಮೂಲ ಭಾಗವನ್ನು ಉಳಿಸಬೇಕು, ಬದಲಿಸಿದ್ದನ್ನು ದಾಖಲಿಸಬೇಕು. ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿನಿಂದ 40 ವರ್ಷ ದಾಟಿದ, ಗಣನೀಯವಾಗಿ ಮಾರ್ಪಡದ ಕಾರುಗಳಿಗೆ ವಾರ್ಷಿಕ ತಪಾಸಣೆಯಿಂದ ವಿನಾಯಿತಿ ಸಿಕ್ಕಿದೆ. ಸಸ್ಪೆನ್ಷನ್ನಿನ ಬಗೆಯನ್ನೇ ಬದಲಿಸಿದರೆ ಅದು ಗಣನೀಯ ಮಾರ್ಪಾಡು. ಅದೇ ಬಗೆಯ ಆಕ್ಸಲ್ಲನ್ನು ಅದೇ ಜಾಗಕ್ಕೆ ಕೂರಿಸುವುದು ರಿಪೇರಿ. ವಿನಾಯಿತಿಯ ಇನ್ನೊಂದು ಮುಖವನ್ನೂ ಮರೆಯಬಾರದು. ಸರ್ಕಾರಿ ತಪಾಸಕನ ಕಣ್ಣು ಬೀಳದ ಕಾರಿನ ಯು-ಬೋಲ್ಟ್‌ಗಳಿಗೆ ಮಾಲೀಕನೇ ಹೊಣೆ.

ನಮ್ಮ ದೇಶದಲ್ಲಿ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ಗುರುತಿಸಿ, ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ನೋಂದಣಿ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ವಾಹನ ಮೂಲ ಸ್ವರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ ಮಾರ್ಪಟ್ಟಿರಬಾರದು ಎಂಬುದು ಷರತ್ತು. ಅಂದರೆ ನಮ್ಮಲ್ಲೂ ಈಗ ಮೂಲ ಸ್ವರೂಪ ಎಂಬುದು ಅಭಿಮಾನದ ಮಾತಷ್ಟೇ ಆಗಿ ಉಳಿದಿಲ್ಲ, ಕಾಗದದ ಮೇಲೂ ಬಂದಿದೆ. ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳನ್ನು ನೋಡಿ ಖುಷಿಪಡುವ ನಾವು, ಅವುಗಳ ಕೆಳಗೆ ಮಲಗಿ ಬೆವರು ಸುರಿಸಿದವರ ಕೆಲಸವನ್ನೂ ಪರಂಪರೆ ಎಂದೇ ಎಣಿಸಬೇಕು.

ಆಕ್ಸಲ್ ಬದಲಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಹೊರಬಂದ ಹಳೆಯ ಆಕ್ಸಲ್ಲನ್ನು ಗುಜರಿಗೆ ಕೊಡಬೇಡಿ. ಎಣ್ಣೆ ಬಸಿದು, ತೂತುಗಳಿಗೆ ಬಿರಡೆ ಹಾಕಿ, ಕಾರಿನ ನಂಬರು ಬರೆದ ಚೀಟಿ ಕಟ್ಟಿ ಮೂಲೆಯಲ್ಲಿಡಿ. ಯಾವ ಆಕ್ಸಲ್ ಬಂತು, ಎಷ್ಟು ಅಗಲ, ಎಷ್ಟು ಅನುಪಾತ, ಯಾವ ತಾರೀಕು, ಏಕೆ ಬದಲಿಸಬೇಕಾಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದು ಕಾರಿನ ಕಾಗದಗಳ ಜೊತೆ ಸೇರಿಸಿ. 1962ರ ಕಾರು ಈಗಾಗಲೇ ಹಲವು ಕೈ ದಾಟಿರುತ್ತದೆ, ಇನ್ನೂ ಹಲವು ಕೈ ದಾಟಲಿದೆ. ಮುಂದೆ ಅದರ ಕೆಳಗೆ ಮಲಗುವವರಿಗೆ ನೀವು ಕೊಡಬಹುದಾದ ಅತ್ಯಂತ ಬೆಲೆಬಾಳುವ ಬಿಡಿಭಾಗ ಆ ಬರಹವೇ.